ಕೇದಾರ್‌ತಾಲ್‌ಗೆ ಹೊರಡುವ ಕೊಡಗಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕೇದಾರ್‌ತಾಲ್‌ಗೆಂದು ಎರಡು ಸಲ ಹೊರಟವನು. ಮೊದಲ ಸಲ ಕೆರೆ ಕಾಣದೆ ವಾಪಸ್ ಬಂದೆ, ಎರಡನೇ ಸಲ ಕಂಡೆ. ಅಲ್ಲಿಂದೀಚೆಗೆ ಮದುವೆ ಮನೆಯಲ್ಲಿ, ಮಡಿಕೇರಿ ಸಂತೆಯಲ್ಲಿ, ಕಾಫಿ ಕೊಡಲು ಹೋದ ಕಡೆ ಸಿಕ್ಕವರೆಲ್ಲ ಅವೇ ಪ್ರಶ್ನೆ ಕೇಳುತ್ತಾರೆ. ಹೇಳಿ ಹೇಳಿ ಬಾಯಿ ನೋವಾಗಿ ಒಂದೇ ಸಲ ಬರೆದಿಟ್ಟಿದ್ದೇನೆ.

ಕೇದಾರ್‌ತಾಲ್ ಅಂದರೆ ಕೇದಾರನಾಥದ ಹತ್ತಿರ ಇರುವುದಾ?

ಅಲ್ಲ. ಹತ್ತರಲ್ಲಿ ಎಂಟು ಮಂದಿ ಹೀಗೇ ಅಂದುಕೊಂಡಿರುತ್ತಾರೆ. ಕೇದಾರನಾಥದ ಮೇಲಿದ್ದದ್ದು ಚೋರಾಬಾರಿ ತಾಲ್, 2013ರ ಜೂನ್‌ನಲ್ಲಿ ಒಡೆದು ಊರನ್ನೇ ಕೊಚ್ಚಿಕೊಂಡು ಹೋಯಿತಲ್ಲ, ಅದು. ಕೇದಾರ್‌ತಾಲ್ ಇರುವುದು ಉತ್ತರಾಖಂಡದ ಉತ್ತರಕಾಶಿ ಜಿಲ್ಲೆಯಲ್ಲಿ, ಗಂಗೋತ್ರಿಯ ಮೇಲ್ಗಡೆ, ಸುಮಾರು 4,750 ಮೀಟರ್ ಎತ್ತರದಲ್ಲಿ. ಗಂಗೋತ್ರಿಯಿಂದ ನಡೆದೇ ಹೋಗಬೇಕು, 17-18 ಕಿಲೋಮೀಟರ್. ಈ ಕೆರೆಯಿಂದ ಹೊರಡುವ ಕೇದಾರ ಗಂಗೆ ಗಂಗೋತ್ರಿಯಲ್ಲಿ ಬಂದು ಭಾಗೀರಥಿಗೆ ಸೇರುತ್ತದೆ. ಸಮುದ್ರ ಮಥನದಲ್ಲಿ ಹಾಲಾಹಲ ಕುಡಿದ ಶಿವ ಗಂಟಲು ತಣ್ಣಗಾಗಲು ಈ ಕೆರೆಯ ನೀರು ಕುಡಿದ ಅಂತ ಅಲ್ಲಿಯವರು ಹೇಳುತ್ತಾರೆ.

ನಾವು ಬೆಟ್ಟದಲ್ಲೇ ಹುಟ್ಟಿ ಬೆಳೆದವರು. ನಮಗೂ ಇಷ್ಟೆಲ್ಲ ತಯಾರಿ ಬೇಕಾ?

ಬೇಕು. ನಮಗೇ ಜಾಸ್ತಿ ಬೇಕು ಅಂತ ನನ್ನ ಅನುಭವ. ಯಾಕೆ ಅಂದರೆ ನಮ್ಮ ಕಾಲು ನಮಗೆ ಸುಳ್ಳು ಹೇಳುತ್ತದೆ.

ಲೆಕ್ಕ ನೋಡಿ. ಕೊಡಗಿನಲ್ಲಿ ಎಲ್ಲಕ್ಕಿಂತ ಎತ್ತರದ ತಡಿಯಂಡಮೋಳ್ 1,748 ಮೀಟರ್. ಪುಷ್ಪಗಿರಿ 1,712. ಬ್ರಹ್ಮಗಿರಿ ಇನ್ನೂ ಕಡಿಮೆ. ಗಂಗೋತ್ರಿಯಲ್ಲಿ ನೀವು ಬಸ್ಸಿನಿಂದ ಇಳಿದು ಟೀ ಕುಡಿಯುವ ಜಾಗವೇ 3,100 ಮೀಟರ್ ಹತ್ತಿರ. ತಡಿಯಂಡಮೋಳ್ ಮೇಲೆ ಇನ್ನೊಂದು ತಡಿಯಂಡಮೋಳ್, ಅದರ ಮೇಲೆ ಇನ್ನೂ ಮುಕ್ಕಾಲು ಭಾಗ ಇಟ್ಟರೆ ಕೇದಾರ್‌ತಾಲ್. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದಲ್ಲಿ ಸಿಗುವುದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ತೋಟದಲ್ಲಿ ದಿನಾ ಏರು ಇಳಿ ಓಡಾಡಿದ ಕಾಲು ಗಟ್ಟಿ ಇರುತ್ತದೆ, ಒಪ್ಪುತ್ತೇನೆ. ಆದರೆ ಗಟ್ಟಿ ಕಾಲು ಬೇರೆ, ತೆಳು ಗಾಳಿಗೆ ಒಗ್ಗಿದ ರಕ್ತ ಬೇರೆ. ಒಗ್ಗಲು ದಿನಗಳು ಬೇಕು, ಎಷ್ಟೇ ಫಿಟ್ ಇದ್ದರೂ ಬೇಕು. ಗಟ್ಟಿ ಕಾಲಿನವನು ಬೇಗ ಬೇಗ ಮೇಲೆ ಹೋಗಿಬಿಡುತ್ತಾನೆ, ಮೈ ಇನ್ನೂ ಕೆಳಗೇ ಉಳಿದಿರುತ್ತದೆ. ಬೆಂಗಳೂರಿನಿಂದ ಬಂದ, ಮೆಟ್ಟಿಲು ಹತ್ತಿದರೂ ಏದುಸಿರು ಬಿಡುವ ಮನುಷ್ಯ ನಿಧಾನಕ್ಕೆ ಕೂತು ಎದ್ದು ಬರುತ್ತಾ ಕೊನೆಗೆ ಕೆರೆ ನೋಡಿಯೇ ಇಳಿದ. ನಮ್ಮ ಕಥೆ ಏನಾಯಿತು ಅಂತ ಕೆಳಗೆ ತಲೆನೋವಿನ ಪ್ರಶ್ನೆಯಲ್ಲಿ ಹೇಳುತ್ತೇನೆ.

ಯಾವ ತಿಂಗಳಲ್ಲಿ ಹೋಗುವುದು?

ಎರಡು ಅವಕಾಶ ಇದೆ. ಮೇ ಕೊನೆಯಿಂದ ಜೂನ್ ಮಧ್ಯದವರೆಗೆ ಒಂದು, ಸೆಪ್ಟೆಂಬರ್ ಎರಡನೇ ವಾರದಿಂದ ಅಕ್ಟೋಬರ್ ಮಧ್ಯದವರೆಗೆ ಇನ್ನೊಂದು.

ಮೇ ತಿಂಗಳಲ್ಲಿ ಹೋದರೆ ಮೇಲೆ ಇನ್ನೂ ಹಿಮ ಇರುತ್ತದೆ, ಕೆರೆಯೂ ಅರ್ಧ ಹೆಪ್ಪುಗಟ್ಟಿರಬಹುದು. ಮಕ್ಕಳಿಗೆ ರಜೆ, ಚಾರ್‌ಧಾಮ್ ಯಾತ್ರೆಯ ಜನಜಂಗುಳಿ ಬೇರೆ. ತೋಟದಲ್ಲಿ ಮಳೆಗೆ ಮೊದಲು ಮುಗಿಸಬೇಕಾದ ಮರ ಕಪಾತು ಬಾಕಿ ಇದ್ದರೆ ಮನೆಯಲ್ಲಿ ಬೈಸಿಕೊಳ್ಳುವುದೂ ಗ್ಯಾರಂಟಿ. ನನ್ನ ಓಟು ಸೆಪ್ಟೆಂಬರ್‌ಗೆ. ಕೈಲ್‌ಪೊಳ್ದ್ ಹಬ್ಬ (ಸೆಪ್ಟೆಂಬರ್ ಮೊದಲ ವಾರ) ಮುಗಿಸಿ ಎರಡು ಮೂರು ವಾರ ಬಿಟ್ಟು ಹೊರಟರೆ ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಬಂದು ತಲುಪಬಹುದು. ಅರೇಬಿಕಾ ಕೊಯ್ಲಿಗೂ ಸಮಯ ಇರುತ್ತದೆ. ಆಕಾಶ ತೊಳೆದಿಟ್ಟ ಹಾಗೆ ಇರುತ್ತದೆ, ರಾತ್ರಿ ಮಾತ್ರ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ.

ಜುಲೈ ಆಗಸ್ಟ್ ಬೇಡವೇ ಬೇಡ. 2018ರ ಆಗಸ್ಟ್ ನೋಡಿದ ನಮಗೆ ಬರೆ ಕುಸಿಯುವುದು ಅಂದರೆ ಏನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಗಂಗೋತ್ರಿ ರಸ್ತೆಯೂ ಅಂಥದ್ದೇ. 2025ರ ಆಗಸ್ಟ್ 5ರಂದು ಅದೇ ರಸ್ತೆಯ ಧರಾಲಿ ಊರಿನ ಮೇಲೆ ಹಳ್ಳ ಕೆಸರು ಸಮೇತ ನುಗ್ಗಿ ಹೋಟೆಲು ಮನೆ ಎಲ್ಲ ಹೂತುಹೋದವು.

ಒಟ್ಟು ಎಷ್ಟು ದಿನ ಬೇಕು?

ಮನೆಯಿಂದ ಮನೆಗೆ 14 ದಿನ ಇಟ್ಟುಕೊಳ್ಳಿ. ಹತ್ತೇ ದಿನದಲ್ಲಿ ಮುಗಿಸುತ್ತೇವೆ ಅನ್ನುವ ಪ್ಯಾಕೇಜ್‌ಗಳಿವೆ. ಆ ಉಳಿತಾಯ ಎಲ್ಲಿಂದ ಬರುತ್ತದೆ ಅಂತ ನೋಡಿ: ಮೈ ಒಗ್ಗಿಸುವ ದಿನಗಳನ್ನೇ ಕತ್ತರಿಸಿರುತ್ತಾರೆ.

ನಾವು ಎರಡನೇ ಸಲ ಮಾಡಿದ್ದು ಹೀಗೆ. ಡೆಹ್ರಾಡೂನ್‌ನಲ್ಲಿ ಒಂದು ರಾತ್ರಿ. ಉತ್ತರಕಾಶಿಯಲ್ಲಿ ಒಂದು ರಾತ್ರಿ, ಅದು 1,158 ಮೀಟರ್, ಹೆಚ್ಚುಕಡಿಮೆ ನಮ್ಮ ಮಡಿಕೇರಿಯಷ್ಟೇ ಎತ್ತರ, ಹಾಗಾಗಿ ಮೈಗೆ ಏನೂ ಗೊತ್ತಾಗುವುದಿಲ್ಲ. ಆಮೇಲೆ ಹರ್ಸಿಲ್‌ನಲ್ಲಿ ಒಂದು ರಾತ್ರಿ, ಸುಮಾರು 2,600 ಮೀಟರ್, ಸೇಬಿನ ತೋಟಗಳ ಊರು. ಗಂಗೋತ್ರಿಯಲ್ಲಿ ಎರಡು ರಾತ್ರಿ. ಅಲ್ಲಿಂದ ಮೇಲೆ ದಾರಿಯಲ್ಲಿ ಟೆಂಟ್ ಹಾಕುವ ಜಾಗ ಎರಡು. ಭೋಜ್‌ಖರಕ್‌ನಲ್ಲಿ ಎರಡು, ಅದು 3,800 ಮೀಟರ್ ಹತ್ತಿರ. ಕೇದಾರ್‌ಖರಕ್‌ನಲ್ಲಿ ಎರಡು, 4,270 ಹತ್ತಿರ. ಅಲ್ಲಿಂದ ಬೆಳಿಗ್ಗೆ ಕೆರೆಗೆ ಹೋಗಿ ಮಧ್ಯಾಹ್ನದೊಳಗೆ ವಾಪಸ್. ಮಾರನೇ ದಿನ ಗಂಗೋತ್ರಿಗೆ ಇಳಿಯುವುದು. ರಸ್ತೆ ಬಂದ್ ಆದರೆ, ಹವೆ ಕೆಟ್ಟರೆ ಅಂತ ಒಂದು ದಿನ ಜೇಬಲ್ಲಿ.

3,000 ಮೀಟರ್ ದಾಟಿದ ಮೇಲೆ ಒಂದು ರಾತ್ರಿಯಿಂದ ಇನ್ನೊಂದು ರಾತ್ರಿಗೆ ಮಲಗುವ ಎತ್ತರ 500 ಮೀಟರ್‌ಗಿಂತ ಜಾಸ್ತಿ ಏರಬಾರದು ಅನ್ನುವುದು ವೈದ್ಯರು ಹೇಳುವ ಲೆಕ್ಕ. ಗಂಗೋತ್ರಿಯಿಂದ ಭೋಜ್‌ಖರಕ್‌ಗೆ ಹೋದ ಮೊದಲ ದಿನವೇ ಅದು ಮೀರುತ್ತದೆ, ಮಧ್ಯೆ ಟೆಂಟ್ ಹಾಕಲು ಒಳ್ಳೆಯ ಜಾಗ ಇಲ್ಲ. ಅದಕ್ಕೇ ಕೆಳಗೊಂದು, ಮೇಲೊಂದು ಹೆಚ್ಚುವರಿ ರಾತ್ರಿ. ಆ ಎರಡು ರಾತ್ರಿಗೆ ಖರ್ಚು ಮಾಡಲು ಹಿಂದೆಮುಂದೆ ನೋಡುವವರು ದಯವಿಟ್ಟು ಬೇರೆ ಕೆರೆ ನೋಡಿಕೊಳ್ಳಿ.

ಹಿಮಾಲಯಕ್ಕೆ ಇದೇ ಮೊದಲ ಸಲ. ಇದೇ ಕೆರೆಗೆ ಹೋಗಬಹುದಾ?

ಬೇಡ. ಮೊದಲು ದೋಡಿತಾಲ್‌ಗೆ ಹೋಗಿ. ಅದೂ ಉತ್ತರಕಾಶಿ ಜಿಲ್ಲೆಯದ್ದೇ, ಸಂಗಮ್‌ಚಟ್ಟಿ, ಅಗೋಡಾ ಊರುಗಳ ಮೇಲೆ ಸುಮಾರು 3,000 ಮೀಟರ್ ಎತ್ತರದಲ್ಲಿ, ಕಾಡಿನ ಮಧ್ಯೆ. ಗಣಪತಿ ಹುಟ್ಟಿದ ಜಾಗ ಅಂತ ನಂಬಿಕೆ, ಗುಡಿಯೂ ಇದೆ. ದಾರಿ ಒಳ್ಳೆಯದು, ಎತ್ತರ ಮೈ ತಡೆಯುವಂಥದ್ದು. ಅಲ್ಲಿ ನಿಮ್ಮ ಮೈ ಹೇಗೆ ವರ್ತಿಸುತ್ತದೆ ಅಂತ ಗೊತ್ತಾಗುತ್ತದೆ. ಇಷ್ಟವಾದರೆ ಮುಂದಿನ ವರ್ಷ ಕೇದಾರ್‌ತಾಲ್.

ಅಷ್ಟು ದೂರ ಯಾಕೆ, ಇಲ್ಲೇ ಬೆಟ್ಟದ ಕೆರೆ ಇಲ್ಲವಾ ಅಂತ ಕೇಳುವವರೂ ಇದ್ದಾರೆ. ಸೋಮವಾರಪೇಟೆ ದೊಡ್ಡಮಳ್ತೆಯ ಹೊನ್ನಮ್ಮನ ಕೆರೆ ಚಂದವೇ, ಆದರೆ ಅದಕ್ಕೆ ಬೈಕಲ್ಲಿ ಹೋಗಿ ಬರಬಹುದು. ಪಕ್ಕದ ವಯನಾಡಿನ ಚೆಂಬ್ರ ಬೆಟ್ಟದಲ್ಲಿ ಹೃದಯದ ಆಕಾರದ ಪುಟ್ಟ ಕೆರೆ ಇದೆ. ಒಂದು ದಿನದ ಆಸೆಗೆ ಅದು ಸಾಕು.

ಕೊಡಗಿನಲ್ಲೇ ಇದ್ದು ತಯಾರಿ ಮಾಡುವುದು ಹೇಗೆ?

ಎತ್ತರಕ್ಕೆ ಇಲ್ಲಿ ತಯಾರಾಗಲು ಆಗುವುದಿಲ್ಲ, ಅದು ಅಲ್ಲೇ ಹೋಗಿ ಆಗಬೇಕು. ಇಲ್ಲಿ ಮಾಡುವುದು ಕಾಲು, ಮಂಡಿ, ದಮ್ಮು ಮೂರರ ಕೆಲಸ. ಮೂರು ತಿಂಗಳು ಮೊದಲೇ ಶುರು ಮಾಡಿ.

ವಾರದಲ್ಲಿ ನಾಲ್ಕು ದಿನ ಒಂದು ಗಂಟೆ ಏರು ರಸ್ತೆಯಲ್ಲಿ ಬಿರುಸಾಗಿ ನಡೆಯಿರಿ. ಭಾಗಮಂಡಲದಿಂದ ತಲಕಾವೇರಿಗೆ 8 ಕಿಲೋಮೀಟರ್ ಏರು ಇದೆಯಲ್ಲ, ಆ ಕಡೆಯವರಿಗೆ ಅದಕ್ಕಿಂತ ಒಳ್ಳೆಯ ಜಿಮ್ ಇಲ್ಲ. ತಿಂಗಳಿಗೆ ಎರಡು ಸಲ ತಡಿಯಂಡಮೋಳ್ ಹತ್ತಿ. ಜೀಪಲ್ಲಿ ಅರ್ಧ ದಾರಿ ಹೋಗಬೇಡಿ, ನಾಲ್ಕುನಾಡು ಅರಮನೆ ಹತ್ತಿರದಿಂದಲೇ ನಡೆಯಿರಿ. ಬೆನ್ನಿಗೆ ಚೀಲ, ಚೀಲದಲ್ಲಿ ಎಂಟು ಕೆಜಿ ಅಕ್ಕಿ. ಕಾಡ್ಗಿಚ್ಚಿನ ಕಾಲದಲ್ಲೂ ಜೋರು ಮಳೆಯಲ್ಲೂ ಅರಣ್ಯ ಇಲಾಖೆ ಚಾರಣ ನಿಲ್ಲಿಸುವುದುಂಟು, ಮೊದಲೇ ಅನುಮತಿ ವಿಚಾರಿಸಿ.

ಎಲ್ಲರೂ ಹತ್ತುವುದನ್ನು ಅಭ್ಯಾಸ ಮಾಡುತ್ತಾರೆ, ಇಳಿಯುವುದನ್ನು ಬಿಡುತ್ತಾರೆ. ಮಂಡಿ ಕೈ ಕೊಡುವುದು ಇಳಿಯುವಾಗ. ಭಾರ ಹೊತ್ತುಕೊಂಡೇ ಇಳಿಯಿರಿ, ನಿಧಾನವಾಗಿ.

ಇನ್ನೊಂದು ಮಾತು. ಕತ್ತಲಿರುವಾಗಲೇ ಎದ್ದು ತೋಟದ ದಾರಿಯಲ್ಲಿ ವಾಕಿಂಗ್ ಹೊರಡಬೇಡಿ. ಆನೆಗೆ ನಿಮ್ಮ ಟ್ರೆಕ್ಕಿಂಗ್ ಪ್ಲಾನ್ ಗೊತ್ತಿರುವುದಿಲ್ಲ.

ಇಲ್ಲಿಂದ ಅಲ್ಲಿಗೆ ಹೋಗುವುದು ಹೇಗೆ?

ನಮ್ಮ ಜಿಲ್ಲೆಗೆ ರೈಲೇ ಇಲ್ಲ, ಹಾಗಾಗಿ ಮೈಸೂರು ಇಲ್ಲವೇ ಬೆಂಗಳೂರಿನವರೆಗೆ ಬಸ್ಸು. ಬೆಂಗಳೂರಿನಿಂದ ಡೆಹ್ರಾಡೂನ್‌ಗೆ ವಿಮಾನ. ದುಡ್ಡು ಉಳಿಸಬೇಕು ಅಂದರೆ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಎರಡು ರಾತ್ರಿ ಕಳೆದು ದೆಹಲಿ, ಅಲ್ಲಿಂದ ಹರಿದ್ವಾರ, ಋಷಿಕೇಶ. ಋಷಿಕೇಶದಿಂದ ಉತ್ತರಕಾಶಿಗೆ ಸುಮಾರು 170 ಕಿಲೋಮೀಟರ್, ಅಲ್ಲಿಂದ ಗಂಗೋತ್ರಿಗೆ ಇನ್ನು 100. ಕಿಲೋಮೀಟರ್ ನೋಡಿ ಸಮಯ ಲೆಕ್ಕ ಹಾಕಬೇಡಿ. ಸಂಪಾಜೆ ಘಾಟಿಯನ್ನೇ ಇಡೀ ದಿನ ಉದ್ದ ಎಳೆದ ಹಾಗೆ. ವಾಂತಿ ಮಾತ್ರೆ ಇಟ್ಟುಕೊಳ್ಳಿ.

ಪರ್ಮಿಟ್ ಬೇಕಾ?

ಬೇಕು. ಕೇದಾರ್‌ತಾಲ್ ದಾರಿ ಗಂಗೋತ್ರಿ ರಾಷ್ಟ್ರೀಯ ಉದ್ಯಾನದೊಳಗೆ ಹೋಗುತ್ತದೆ. ಉದ್ಯಾನದ ಗೇಟು ಏಪ್ರಿಲ್ 1ಕ್ಕೆ ತೆರೆದು ನವೆಂಬರ್ 30ಕ್ಕೆ ಮುಚ್ಚುತ್ತದೆ. ಉತ್ತರಕಾಶಿಯ ಅರಣ್ಯ ಕಚೇರಿಯಿಂದ ಅನುಮತಿ ತೆಗೆದುಕೊಳ್ಳಬೇಕು, ಗೈಡ್ ಇದ್ದರೆ ಅವರೇ ಮಾಡಿಸುತ್ತಾರೆ. ಆಧಾರ್ ಪ್ರತಿ ನಾಲ್ಕು, ಪಾಸ್‌ಪೋರ್ಟ್ ಅಳತೆಯ ಫೋಟೊ ನಾಲ್ಕು, ಊರಿನ ಡಾಕ್ಟರ್ ಕೊಟ್ಟ ಫಿಟ್‌ನೆಸ್ ಸರ್ಟಿಫಿಕೇಟ್ ಇಟ್ಟುಕೊಳ್ಳಿ. ಗಂಗೋತ್ರಿಗೆ ಹೋಗುವವರು ಚಾರ್‌ಧಾಮ್ ಯಾತ್ರೆಯ ನೋಂದಣಿಯನ್ನೂ ಮೊದಲೇ ಆನ್‌ಲೈನ್‌ನಲ್ಲಿ ಮಾಡಿಕೊಳ್ಳಬೇಕು. ಸರ್ಕಾರಿ ರಜೆ ಯಾವ ದಿನ ಅಂತ ನೋಡಿಕೊಂಡು ಉತ್ತರಕಾಶಿ ತಲುಪಿ. ನಾವು ಒಂದು ಸಲ ಅಕ್ಟೋಬರ್ 2ಕ್ಕೆ ತಲುಪಿ ಗಾಂಧೀಜಿ ಫೋಟೊಕ್ಕೆ ಕೈ ಮುಗಿದು ಸುಮ್ನೆ ಕೂತೆವು.

ಗೈಡ್ ಇಲ್ಲದೆ ನಾವೇ ಹೋಗಬಾರದಾ? ಮ್ಯಾಪ್ ಇದೆಯಲ್ಲ?

ಬೇಡ. ದಾರಿ ಪ್ರತಿ ವರ್ಷ ಬದಲಾಗುತ್ತದೆ, ಕಲ್ಲು ಜಾರಿ ಇದ್ದ ದಾರಿಯೇ ಇರುವುದಿಲ್ಲ. ಫೋನಿನ ಮ್ಯಾಪಿಗೆ ನಿನ್ನೆ ಬಿದ್ದ ಬಂಡೆ ಕಾಣುವುದಿಲ್ಲ.

ಗೈಡ್ ಹಿಡಿಯುವಾಗ ನಾಲ್ಕು ಪ್ರಶ್ನೆ ಕೇಳಿ. ಒಗ್ಗಿಸುವ ದಿನ ಎಷ್ಟು? ಒಬ್ಬನಿಗೆ ಹುಷಾರು ತಪ್ಪಿದರೆ ಅವನ ಜೊತೆ ಕೆಳಗಿಳಿಯಲು ಇನ್ನೊಬ್ಬ ಜನ ಇದ್ದಾನಾ? ಹಗ್ಗ ತರುತ್ತೀರಾ? ಭಾರ ಹೊರುವವರಿಗೆ ಟೆಂಟು, ಬೆಚ್ಚಗಿನ ಬಟ್ಟೆ ಯಾರು ಕೊಡುತ್ತಾರೆ? ಕೊನೆಯ ಪ್ರಶ್ನೆಗೆ ತಡವರಿಸಿದರೆ ಅವರ ಜೊತೆ ಹೋಗಬೇಡಿ. ತಮ್ಮ ಜನರನ್ನೇ ನೋಡಿಕೊಳ್ಳದವರು ನಿಮ್ಮನ್ನು ನೋಡುತ್ತಾರಾ?

ದಾರಿ ನಿಜವಾಗಿಯೂ ಅಷ್ಟು ಕಷ್ಟವಾ?

ಮೊದಲ ದಿನವೇ ಹಲ್ಲು ಕಚ್ಚಿಸುತ್ತದೆ. ಗಂಗೋತ್ರಿ ಗುಡಿಯ ಆಚೆ ದಡದಿಂದ ನೇರ ಏರು, ದೇವದಾರು ಪೈನ್ ಮರಗಳ ನಡುವೆ, ಎಡಗಡೆ ಕೆಳಗೆಲ್ಲೋ ಕೇದಾರ ಗಂಗೆಯ ಸದ್ದು. ಎರಡು ಗಂಟೆ ಹತ್ತಿದರೂ ಗಂಗೋತ್ರಿಯ ತಗಡಿನ ಚಾವಣಿಗಳು ಕಾಲ ಕೆಳಗೇ ಕಾಣುತ್ತಿರುತ್ತವೆ. ಆಮೇಲೆ ಭೋಜಪತ್ರದ ಮರಗಳು ಶುರುವಾಗುತ್ತವೆ. ನಮ್ಮ ಸೀಬೆ ಮರದ ತೊಗಟೆ ಸುಲಿಯುವ ಹಾಗೆ ಸುಲಿಯುತ್ತದೆ, ಇನ್ನೂ ತೆಳುವಾಗಿ, ಹಾಳೆ ಹಾಳೆಯಾಗಿ. ಹಿಂದೆ ಅದರ ಮೇಲೇ ಬರೆಯುತ್ತಿದ್ದರು. ನೆನಪಿಗೆ ಅಂತ ಕೀಳಬೇಡಿ, ಬಿದ್ದದ್ದು ಬೇಕಾದಷ್ಟು ಇರುತ್ತದೆ, ಅದನ್ನೂ ಅಲ್ಲೇ ಬಿಡಿ.

ಭೋಜ್‌ಖರಕ್ ತಲುಪುವ ಮೊದಲು ಸ್ಪೈಡರ್ ವಾಲ್ ಅನ್ನುವ ಓರೆ ಬಂಡೆ. ಹತ್ತುವುದಲ್ಲ, ಅಡ್ಡ ದಾಟುವುದು. ಪಾದ ಇಡುವಷ್ಟು ಜಾಗ ಇದೆ, ಕೆಳಗೆ ನೋಡಿದರೆ ಮಾತ್ರ ಹೊಟ್ಟೆಯೊಳಗೆ ಏನೋ ಜಾರುತ್ತದೆ. ಗೈಡ್ ಹಗ್ಗ ಕಟ್ಟಿದ, ನಾನು ಬಂಡೆಯನ್ನು ತಬ್ಬಿಕೊಳ್ಳುವ ಹಾಗೆ ಬಾಗಿದೆ. "ಸರ್, ಪಹಾಡ್‌ನಿಂದ ದೂರ ನಿಲ್ಲಿ, ನೇರ ನಿಲ್ಲಿ" ಅಂದ. ತಬ್ಬಿಕೊಂಡರೆ ಕಾಲು ಜಾರುತ್ತದೆ, ನೇರ ನಿಂತರೆ ಶೂ ಹಿಡಿಯುತ್ತದೆ. ಹೇಳುವುದು ಸುಲಭ.

ನನಗೆ ನಿಜವಾದ ಹೆದರಿಕೆ ಎರಡನೇ ದಿನದ್ದು. ಭೋಜ್‌ಖರಕ್ ಮತ್ತು ಕೇದಾರ್‌ಖರಕ್ ಮಧ್ಯೆ ಕಲ್ಲು ಉದುರುವ ಒಂದು ಪಟ್ಟಿ ಇದೆ. ಮೇಲೆ ಭರಲ್ ಅನ್ನುವ ನೀಲಿ ಕುರಿಗಳು ಓಡಾಡಿದರೆ, ಗಾಳಿ ಬೀಸಿದರೆ, ಬಿಸಿಲಿಗೆ ಹಿಮ ಸಡಿಲವಾದರೆ ಕಲ್ಲು ಬರುತ್ತದೆ. ಅದಕ್ಕೇ ಬೆಳಿಗ್ಗೆ ಬೇಗ, ಬಿಸಿಲು ಏರುವ ಮೊದಲು ದಾಟಬೇಕು. ಮಾತಿಲ್ಲ, ಫೋಟೊ ಇಲ್ಲ, ಒಬ್ಬರ ಹಿಂದೆ ಒಬ್ಬರು ಅಂತರ ಬಿಟ್ಟು.

ಕೇದಾರ್‌ಖರಕ್ ಹತ್ತಿರ ಒಂದು ಹಳ್ಳ ದಾಟಬೇಕು. ಬೆಳಿಗ್ಗೆ ಮಂಡಿ ಕೆಳಗಿದ್ದ ನೀರು ಮಧ್ಯಾಹ್ನ ಹಿಮ ಕರಗಿ ಏರಿರುತ್ತದೆ. ಅಲ್ಲಿಂದ ಕೆರೆಯವರೆಗೆ ಹಿಮನದಿ ತಂದು ಸುರಿದ ಕಲ್ಲಿನ ರಾಶಿ, ಒಂದೊಂದು ಕಲ್ಲೂ ಅಲ್ಲಾಡುತ್ತದೆ. ಹತ್ತು ಹೆಜ್ಜೆ, ನಿಲ್ಲು, ಉಸಿರು. ಮತ್ತೆ ಹತ್ತು ಹೆಜ್ಜೆ.

ತಲೆನೋವು ಬಂದರೆ ಏನು ಮಾಡುವುದು?

ಮೊದಲು ಯಾರಿಗಾದರೂ ಹೇಳಿ. ಇದೇ ದೊಡ್ಡ ಕೆಲಸ, ಯಾಕೆಂದರೆ ನಮ್ಮವರು ಹೇಳುವುದಿಲ್ಲ.

ಮೊದಲ ಸಲ ಹೋದಾಗ ನಮ್ಮ ಭಾವ ಜೊತೆಗಿದ್ದರು. ತಡಿಯಂಡಮೋಳ್ ಅನ್ನು ಎರಡು ಗಂಟೆಯಲ್ಲಿ ಹತ್ತಿ, ಮೇಲೆ ಕೂತು ನಮಗೆಲ್ಲ ಕಿತ್ತಳೆ ಸುಲಿದು ಇಟ್ಟಿರುವಂಥ ಮನುಷ್ಯ. ಪ್ಯಾಕೇಜ್ ಕೊಟ್ಟವರು ಗಂಗೋತ್ರಿ ತಲುಪಿದ ಮಾರನೇ ದಿನವೇ ಹೊರಡಿಸಿದರು, ನಮಗೂ ಖುಷಿಯೇ ಆಯಿತು, ದಿನ ಉಳಿಯಿತಲ್ಲ ಅಂತ. ಭಾವ ಎಲ್ಲರಿಗಿಂತ ಮುಂದೆ. ಭೋಜ್‌ಖರಕ್‌ನಲ್ಲಿ ರಾತ್ರಿ ಊಟ ಬಿಟ್ಟರು, ಹಸಿವಿಲ್ಲ ಅಂದರು. ಎರಡನೇ ದಿನ ಕೇದಾರ್‌ಖರಕ್ ತಲುಪುವಾಗ ಮಾತು ಕಮ್ಮಿಯಾಗಿತ್ತು. ಟೆಂಟ್ ಹೊರಗೆ ಕೂತು ಶೂ ಲೇಸ್ ಬಿಚ್ಚಲು ಬಗ್ಗಿದವರು ಹಾಗೇ ಐದು ನಿಮಿಷ ಬಗ್ಗಿಯೇ ಇದ್ದರು. ಆಮೇಲೆ ವಾಂತಿ. ಕೇಳಿದರೆ ತಲೆನೋವು ನಿನ್ನೆ ಸಂಜೆಯಿಂದಲೇ ಇತ್ತಂತೆ. "ಇಷ್ಟಕ್ಕೆಲ್ಲ ಯಾಕೆ ಹೇಳುವುದು ಅಂತ ಸುಮ್ಮನಿದ್ದೆ ಮಾರಾಯ" ಅಂದರು.

ಗೈಡ್ ಚರ್ಚೆಗೇ ಅವಕಾಶ ಕೊಡಲಿಲ್ಲ. ಒಂದು ಗೆರೆಯ ಮೇಲೆ ಹಿಮ್ಮಡಿಗೆ ಹೆಬ್ಬೆರಳು ಮುಟ್ಟಿಸಿ ನಡೆಯಲು ಹೇಳಿದ. ನಡೆದರು, ವಾಲಾಡಲಿಲ್ಲ, ಅದೇ ಸಮಾಧಾನ. ತಕ್ಷಣ ಚೀಲ ಕಟ್ಟಿಸಿ ಭೋಜ್‌ಖರಕ್‌ಗೆ ಇಳಿಸಿದ. ಕೆರೆ ಇನ್ನು ಐದು ಕಿಲೋಮೀಟರ್ ಇತ್ತು. ಭಾವನವರನ್ನು ಒಬ್ಬರೇ ಕಳಿಸುವ ಮಾತೇ ಇಲ್ಲ, ನಾನೂ ಇಳಿದೆ. ರಾತ್ರಿ ಎಂಟಕ್ಕೆ ಅವರು ಎದ್ದು ಕೂತು ಅನ್ನ ಇದೆಯಾ ಅಂತ ಕೇಳಿದರು.

ಇದರಿಂದ ನಾನು ಕಲಿತ ಲೆಕ್ಕ ಇಷ್ಟು. ಎತ್ತರದಲ್ಲಿ ತಲೆನೋವು ಬಂದರೆ, ಬೇರೆ ಕಾರಣ ಸಾಬೀತಾಗುವವರೆಗೆ ಅದು ಎತ್ತರದ ತಲೆನೋವೇ. ಅದು ಇರುವಾಗ ಒಂದು ಹೆಜ್ಜೆಯೂ ಮೇಲೆ ಬೇಡ, ಅಲ್ಲೇ ಉಳಿಯಿರಿ. ತಲೆನೋವಿನ ಜೊತೆ ವಾಂತಿ, ವಿಪರೀತ ಸುಸ್ತು ಸೇರಿ ಜಾಸ್ತಿಯಾಗುತ್ತಾ ಹೋದರೆ ಇಳಿಯಿರಿ. ಕುಡಿದವರ ಹಾಗೆ ವಾಲಾಡಿದರೆ, ಅಸಂಬದ್ಧ ಮಾತಾಡಿದರೆ ಮಿದುಳಲ್ಲಿ ನೀರು ತುಂಬುತ್ತಿದೆ ಅಂತ ಅರ್ಥ. ಸುಮ್ನೆ ಕೂತಿರುವಾಗಲೂ ಏದುಸಿರು, ಕೆಮ್ಮು, ಕಫದಲ್ಲಿ ಗುಲಾಬಿ ನೊರೆ ಬಂದರೆ ಶ್ವಾಸಕೋಶದಲ್ಲಿ. ಇವೆರಡಕ್ಕೂ ಬೆಳಗಾಗಲಿ ಅಂತ ಕಾಯಬಾರದು. ಜನರ ಸಹಾಯ ಹಿಡಿದು ಆಗಲೇ ಇಳಿಸಬೇಕು.

ಡಯಾಮಾಕ್ಸ್ ತೆಗೆದುಕೊಂಡರೆ ಆಗುವುದಿಲ್ಲವಾ?

ಅಸೆಟಜೋಲಮೈಡ್ ಅಂತ ಅದರ ಔಷಧದ ಹೆಸರು. ಮುಂಜಾಗ್ರತೆಗೆ ಸಾಮಾನ್ಯವಾಗಿ ದಿನಕ್ಕೆ ಎರಡು ಸಲ 125 ಮಿಲಿಗ್ರಾಂ ಕೊಡುತ್ತಾರೆ, ಏರಲು ಶುರು ಮಾಡುವ ಹಿಂದಿನ ದಿನದಿಂದ. ಮೈ ಒಗ್ಗಲು ಸಹಾಯ ಮಾಡುತ್ತದೆ, ದಿನಗಳ ಬದಲಿಗೆ ನುಂಗುವ ಮಾತ್ರೆ ಅಲ್ಲ ಅದು. ಬೆರಳು ತುದಿ ಜುಮುಜುಮು ಅನ್ನುತ್ತದೆ, ಮೂತ್ರ ಪದೇ ಪದೇ ಬರುತ್ತದೆ. ಸಲ್ಫಾ ಔಷಧ ಆಗದವರು ಮೊದಲೇ ಡಾಕ್ಟರಿಗೆ ಹೇಳಬೇಕು. ಬಿಪಿ, ಸಕ್ಕರೆ, ಅಸ್ತಮಾ ಇದ್ದವರೂ ಅಷ್ಟೇ. ಮೆಡಿಕಲ್ ಶಾಪಿನ ಹುಡುಗನನ್ನು ಕೇಳಿ ತೆಗೆದುಕೊಳ್ಳಬೇಡಿ.

ಚಳಿಗೆ ಒಂದು ಪೆಗ್?

ಈ ಪ್ರಶ್ನೆ ಬಾರದಿದ್ದರೆ ಅದು ಕೊಡಗೇ ಅಲ್ಲ, ಅಲ್ವಾ. ಉತ್ತರ: ಬೇಡ. ಗಂಗೋತ್ರಿಯಲ್ಲಿ ಮದ್ಯ ನಿಷಿದ್ಧ ಅನ್ನುವುದು ಒಂದು. ಮೇಲೆ ಹೋದಾಗ ಮದ್ಯ ಉಸಿರಾಟವನ್ನು ಇನ್ನೂ ನಿಧಾನ ಮಾಡುತ್ತದೆ, ಮೈಯೊಳಗಿನ ಬಿಸಿ ಚರ್ಮಕ್ಕೆ ಬಂದು ಹೊರಗೆ ಹೋಗುತ್ತದೆ, ಬೆಳಿಗ್ಗೆ ತಲೆನೋವು ಯಾವುದರದ್ದು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಇಳಿದು ಮನೆಗೆ ಬಂದ ಮೇಲೆ ನಿಮ್ಮಿಷ್ಟ.

ಬಟ್ಟೆಬರೆ ಏನು? ನಮ್ಮ ರೈನ್‌ಕೋಟು, ಗಂಬೂಟು ನಡೆಯುತ್ತಾ?

ರೈನ್‌ಕೋಟು ನಡೆಯುತ್ತದೆ, ಗಂಬೂಟು ಬೇಡ, ಹಿಮ್ಮಡಿ ಹಿಡಿಯುವುದಿಲ್ಲ. ಕಣಕಾಲು ಮುಚ್ಚುವ ಟ್ರೆಕ್ಕಿಂಗ್ ಶೂ ತೆಗೆದುಕೊಂಡು ಎರಡು ತಿಂಗಳು ತೋಟದಲ್ಲೇ ಹಾಕಿ ಪಳಗಿಸಿ. ಹೊಸ ಶೂ ಹಾಕಿಕೊಂಡು ಹೊರಟವರ ಕಾಲು ಎರಡನೇ ದಿನ ಬೊಬ್ಬೆ. ಹೊರಡುವ ಹಿಂದಿನ ದಿನ ಕಾಲುಗುರು ಕತ್ತರಿಸಿ, ಇಳಿಯುವಾಗ ಉಗುರು ಶೂ ತುದಿಗೆ ಗುದ್ದಿ ಕಪ್ಪಾಗುತ್ತದೆ.

ಮೈಗೆ ಹತ್ತಿಯ ಬನಿಯನ್ ಬೇಡ, ಬೆವರು ಹಿಡಿದಿಟ್ಟುಕೊಳ್ಳುತ್ತದೆ. ಬೇಗ ಒಣಗುವ ಒಳಗಿನ ಪದರ, ಅದರ ಮೇಲೆ ಫ್ಲೀಸ್, ಅದರ ಮೇಲೆ ದಪ್ಪ ಜಾಕೆಟ್, ಎಲ್ಲದರ ಮೇಲೆ ಗಾಳಿ ಮಳೆ ತಡೆಯುವುದು. ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ ತಡೆಯುವ ಸ್ಲೀಪಿಂಗ್ ಬ್ಯಾಗ್. ತಲೆಗೆ ಕಟ್ಟುವ ಟಾರ್ಚ್. ಕಪ್ಪು ಕನ್ನಡಕ ಶೋಕಿಗಲ್ಲ, ಹಿಮದ ಬೆಳಕಿಗೆ ಕಣ್ಣು ಉರಿದು ನೀರು ಸುರಿಯುತ್ತದೆ.

ಇಲ್ಲಿ ಒಂದು ವಿಷಯ ಒತ್ತಿ ಹೇಳಬೇಕು. ನಮಗೆ ನೆನೆಯುವುದು ಅಂದರೆ ದಿನದ ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆ ಬಟ್ಟೆಯಲ್ಲೇ ಕೆಲಸ, ಸಂಜೆ ಒಲೆ ಮುಂದೆ ಕೂತರೆ ಆಯಿತು, ಜಿಗಣೆ ಕಿತ್ತು ಬಿಸಾಕಿದರೆ ಆಯಿತು. ಅಲ್ಲಿ ಒಲೆ ಇಲ್ಲ. 4,000 ಮೀಟರ್‌ನಲ್ಲಿ ಒದ್ದೆ ಬಟ್ಟೆಯ ಮೇಲೆ ಗಾಳಿ ಬೀಸಿದರೆ ಕೆಲವೇ ಗಂಟೆಯಲ್ಲಿ ಮೈ ತಣ್ಣಗಾಗಿ ಮನುಷ್ಯ ಕೂತಲ್ಲೇ ಕೂತುಬಿಡುತ್ತಾನೆ. ಒಂದು ಜೊತೆ ಬಟ್ಟೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿ ಇಡಿ. ಮಲಗುವಾಗ ಮಾತ್ರ ಅದು. ಏನೇ ಆದರೂ ಅದನ್ನು ಹಗಲು ತೆಗೆಯಬೇಡಿ.

ಊಟ ಹೇಗೆ? ಪಂದಿ ಉಪ್ಪಿನಕಾಯಿ ಒಯ್ಯಬಹುದಾ?

ಗಂಗೋತ್ರಿ ಯಾತ್ರಾಸ್ಥಳ, ಮಾಂಸ ತರುವ ಹಾಗಿಲ್ಲ. ನಮ್ಮ ಅತ್ತೆ ಒಂದು ಬಾಟಲಿ ತುಂಬಿ ಕೊಟ್ಟಿದ್ದರು, ಡೆಹ್ರಾಡೂನ್‌ನಲ್ಲೇ ಖಾಲಿ ಮಾಡಿದೆವು. ಬೇಜಾರೇನೂ ಆಗಲಿಲ್ಲ.

ಮೇಲೆ ಖಿಚಡಿ, ದಾಲ್, ರೊಟ್ಟಿ, ಮ್ಯಾಗಿ. ಅಷ್ಟು ಎತ್ತರದಲ್ಲಿ ನೀರು 85 ಡಿಗ್ರಿ ಹತ್ತಿರವೇ ಕುದಿಯುತ್ತದೆ, ಹಾಗಾಗಿ ಅಕ್ಕಿ ಎಷ್ಟು ಹೊತ್ತು ಇಟ್ಟರೂ ನಡುವಲ್ಲಿ ಗಟ್ಟಿ. ಕುಕ್ಕರ್ ಇದೆಯಾ ಅಂತ ಗೈಡನ್ನು ಕೇಳಿ. ಎತ್ತರದಲ್ಲಿ ಹಸಿವು ಸಾಯುತ್ತದೆ, ಬಾಯಿಗೆ ರುಚಿ ಕೊಡುವ ಏನಾದರೂ ಮನೆಯಿಂದಲೇ ಒಯ್ಯಿರಿ. ನಮ್ಮ ಜೊತೆ ನಿಂಬೆ ಉಪ್ಪಿನಕಾಯಿ, ತಂಬಿಟ್ಟು, ಕಾಫಿ ಪುಡಿ, ಬೆಲ್ಲ ಇತ್ತು. ಕೇದಾರ್‌ಖರಕ್‌ನಲ್ಲಿ ಬೆಲ್ಲದ ಕಪ್ಪು ಕಾಫಿ ಮಾಡಿ ಭಾರ ಹೊರುವ ಹುಡುಗರಿಗೂ ಕೊಟ್ಟೆವು. ಒಬ್ಬ ಒಂದು ಗುಟುಕು ಕುಡಿದು ಮುಖ ಕಿವುಚಿ, ಆಮೇಲೆ ಲೋಟ ಖಾಲಿ ಮಾಡಿ, ಇನ್ನೂ ಇದೆಯಾ ಅಂದ.

ನೀರು ದಿನಕ್ಕೆ ಮೂರು ನಾಲ್ಕು ಲೀಟರ್. ಕುದಿಸಿದ್ದು.

ಫೋನ್ ಸಿಗ್ನಲ್?

ಗಂಗೋತ್ರಿ ಬಿಟ್ಟ ಮೇಲೆ ಮರೆತುಬಿಡಿ. ಇಷ್ಟು ದಿನ ಫೋನ್ ಬರುವುದಿಲ್ಲ, ಇಂಥ ದಿನ ಗಂಗೋತ್ರಿಗೆ ಇಳಿಯುತ್ತೇವೆ ಅಂತ ಮನೆಯಲ್ಲಿ ಬರೆದಿಟ್ಟು ಹೋಗಿ. ಗೈಡ್ ನಂಬರೂ ಕೊಟ್ಟಿರಿ. ಸ್ಯಾಟಲೈಟ್ ಫೋನನ್ನು ವಿದೇಶದಲ್ಲಿರುವ ಅಣ್ಣನಿಂದ ತರಿಸುವ ಯೋಚನೆ ಬೇಡ, ಅನುಮತಿ ಇಲ್ಲದೆ ಅದನ್ನು ಇಟ್ಟುಕೊಳ್ಳುವುದು ನಮ್ಮ ದೇಶದಲ್ಲಿ ಅಪರಾಧ.

ಮೇಲೆ ಶೌಚಕ್ಕೆ ಏನು ವ್ಯವಸ್ಥೆ? ಹೆಣ್ಣುಮಕ್ಕಳಿಗೆ ಕಷ್ಟವಾಗುವುದಿಲ್ಲವಾ?

ತಂಡದವರು ಗುಂಡಿ ತೋಡಿ ಸಣ್ಣ ಟೆಂಟ್ ಹಾಕುತ್ತಾರೆ. ನೀರಿನಿಂದ ಕನಿಷ್ಠ 60 ಮೀಟರ್ ದೂರ ಇರಬೇಕು, ಆ ನೀರೇ ಕೆಳಗೆ ಗಂಗೋತ್ರಿಗೆ ಹೋಗುವುದು. ಟಿಶ್ಯೂ, ಪ್ಯಾಡ್ ಏನೇ ಇದ್ದರೂ ಹೂಳಬೇಡಿ, ಜಿಪ್ ಕವರಿಗೆ ಹಾಕಿ ಕೆಳಗೆ ತನ್ನಿ, ಆ ಚಳಿಯಲ್ಲಿ ಯಾವುದೂ ಕೊಳೆಯುವುದಿಲ್ಲ. ನಮ್ಮ ಜೊತೆ ಬಂದಿದ್ದ ಅಕ್ಕ ಹೇಳಿದ್ದು: ಎತ್ತರಕ್ಕೆ ಹೋದಾಗ ಮುಟ್ಟಿನ ದಿನ ಹಿಂದೆಮುಂದೆ ಆಗಬಹುದು, ಲೆಕ್ಕ ನಂಬಿಕೊಂಡು ಹೋಗಬೇಡಿ, ಸಾಮಾನು ಇಟ್ಟುಕೊಂಡೇ ಹೋಗಿ. ರಾತ್ರಿ ಹೊರಗೆ ಹೋಗಲು ಸೋಮಾರಿತನ ಅಂತ ನೀರು ಕುಡಿಯುವುದನ್ನು ಕಡಿಮೆ ಮಾಡಬೇಡಿ ಅಂತಲೂ ಹೇಳಿದರು. ಅದು ಗಂಡಸರಿಗೂ ಸೇರಿ.

2024ರ ಸುದ್ದಿ ನೋಡಿದ ಮೇಲೆ ಮನೆಯಲ್ಲಿ ಬೇಡ ಅನ್ನುತ್ತಾರೆ. ಏನು ಹೇಳುವುದು?

2024ರ ಜೂನ್ ಮೊದಲ ವಾರ ಉತ್ತರಕಾಶಿ ಕಡೆಯ ಸಹಸ್ತ್ರ ತಾಲ್‌ಗೆ ಹೋಗಿದ್ದ 22 ಮಂದಿಯ ತಂಡ ಹಿಮಗಾಳಿಗೆ ಸಿಲುಕಿತು. 9 ಮಂದಿ ತೀರಿಕೊಂಡರು. ತಂಡದಲ್ಲಿ ಹೆಚ್ಚಿನವರು ನಮ್ಮ ಕರ್ನಾಟಕದವರೇ. ಉಳಿದವರಲ್ಲಿ ಹೆಚ್ಚಿನವರನ್ನು ಹೆಲಿಕಾಪ್ಟರ್‌ನಲ್ಲಿ ತಂದರು. ಅದೂ ಬೆಟ್ಟದ ಕೆರೆಯೇ, ಅದೂ ಒಳ್ಳೆಯ ಸೀಸನ್ ಅನ್ನುವ ಜೂನ್ ತಿಂಗಳೇ.

ಮನೆಯವರ ಹೆದರಿಕೆ ತಪ್ಪಲ್ಲ, ಅದನ್ನು ನಕ್ಕು ತಳ್ಳಬೇಡಿ. ನಮ್ಮ ಮನೆಯಲ್ಲಿ ನಾನು ಮಾಡಿದ್ದು ಒಂದೇ: ಯಾವ ಯಾವ ಕಾರಣಕ್ಕೆ ವಾಪಸ್ ತಿರುಗುತ್ತೇವೆ ಅಂತ ಒಂದು ಹಾಳೆಯಲ್ಲಿ ಬರೆದು ಅಮ್ಮನ ಕೈಗೆ ಕೊಟ್ಟೆ. ಬೆಳಿಗ್ಗೆ 11 ಗಂಟೆಯೊಳಗೆ ಕೆರೆ ಸಿಗದಿದ್ದರೆ ತಿರುಗುವುದು. ಮೋಡ ಕವಿದು ಗಾಳಿ ಎದ್ದರೆ ತಿರುಗುವುದು. ಒಬ್ಬರಿಗೆ ಆಗದಿದ್ದರೆ ತಿರುಗುವುದು. ಗೈಡ್ ಹೇಳಿದರೆ ವಾದ ಮಾಡದೆ ತಿರುಗುವುದು. ಊರಲ್ಲಿ ಕೂತು ತಣ್ಣಗಿನ ತಲೆಯಲ್ಲಿ ಬರೆದರೆ ಮೇಲೆ ಯೋಚಿಸುವ ಕೆಲಸ ಇಲ್ಲ. ಅಮ್ಮ ಅದನ್ನು ಓದಿ ದೇವರ ಕೋಣೆಯಲ್ಲಿ ಇಟ್ಟರು. ಖುಷಿಯಿಂದ ಕಳಿಸಿದರು ಅಂತ ಹೇಳಲಾರೆ, ಆದರೆ ಕಳಿಸಿದರು.

ಅಷ್ಟೆಲ್ಲ ಮಾಡಿ ಹೋದರೆ ಕೆರೆ ಹೇಗಿದೆ?

ಕೊನೆಯ ಕಲ್ಲಿನ ದಿಬ್ಬ ಹತ್ತುವವರೆಗೂ ಕಾಣುವುದಿಲ್ಲ. ಕಂಡಾಗ ನಾನು ಮೊದಲು ನೋಡಿದ್ದು ಕೆರೆಯನ್ನಲ್ಲ, ಅದರ ಹಿಂದೆ ನಿಂತಿದ್ದ ಥಲಯ್ ಸಾಗರ್ ಶಿಖರವನ್ನು. 6,904 ಮೀಟರ್, ಕೊಡಲಿಯಿಂದ ಕಡಿದು ನಿಲ್ಲಿಸಿದ ಹಾಗೆ. ಮನುಷ್ಯರು ಅದನ್ನು ಮೊದಲ ಸಲ ಹತ್ತಿದ್ದೇ 1979ರಲ್ಲಿ. ಪಕ್ಕದಲ್ಲಿ ಭೃಗುಪಂಥ್. ಗಾಳಿ ಇರಲಿಲ್ಲ, ಎರಡೂ ನೀರಿನಲ್ಲಿ ತಲೆಕೆಳಗಾಗಿ ನಿಂತಿದ್ದವು. ನೀರು ಒಂದೇ ಬಣ್ಣ ಅಲ್ಲ, ದಡದಲ್ಲಿ ಕೆಳಗಿನ ಕಲ್ಲು ಕಾಣುವಷ್ಟು ತಿಳಿ, ನಡುವೆ ಹಸಿರು, ಆಚೆ ನೀಲಿ. ದಡದಲ್ಲಿ ಗಾಜಿನ ಬಿಲ್ಲೆಯಷ್ಟು ತೆಳುವಾದ ಮಂಜುಗಡ್ಡೆ, ಬೆರಳು ಮುಟ್ಟಿಸಿದರೆ ಟಿಕ್ ಅಂತ ಒಡೆಯುತ್ತಿತ್ತು. ಭಾವ ಎರಡನೇ ಸಲವೂ ಬಂದಿದ್ದರು, ಈ ಸಲ ಎಲ್ಲರಿಗಿಂತ ಹಿಂದೆ. ಬಂದು ಒಂದು ಕಲ್ಲಿನ ಮೇಲೆ ಕೂತು ಏನೂ ಮಾತಾಡದೆ ಕಿತ್ತಳೆ ಸುಲಿಯತೊಡಗಿದರು. ಸಿಪ್ಪೆಯನ್ನು ಜೇಬಿಗೆ ಹಾಕಿಕೊಂಡರು.

ಮುಕ್ಕಾಲು ಗಂಟೆ ಇದ್ದೆವು. ಸ್ನಾನ ಮಾಡಬಹುದಾ ಅಂತ ಕೇಳುವವರಿಗೆ: ಬೇಡ. ಅಷ್ಟು ತಣ್ಣೀರಿಗೆ ಇಳಿದರೆ ಎದೆ ಹಿಡಿದುಕೊಳ್ಳುತ್ತದೆ, ಸೋಪು ಹಚ್ಚುವುದಂತೂ ಮಹಾಪಾಪ.

ತೀರ್ಥ ಅಂತ ಆ ನೀರನ್ನು ಮನೆಗೆ ತರಬಹುದಾ?

ತುಲಾ ಸಂಕ್ರಮಣಕ್ಕೆ ತಲಕಾವೇರಿಯಿಂದ ತೀರ್ಥ ತಂದು ಇಡುವ ಮನೆಯವರು ನಾವು, ಕೇಳದೆ ಇರುತ್ತಾರಾ. ಒಂದು ಸಣ್ಣ ಬಾಟಲಿ ತನ್ನಿ, ಯಾರೂ ಬೇಡ ಅನ್ನುವುದಿಲ್ಲ. ವಿಮಾನದಲ್ಲಾದರೆ ಕೈಚೀಲದಲ್ಲಿ ಬೇಡ, ಚೆಕ್ ಇನ್ ಬ್ಯಾಗಿನಲ್ಲಿ ಹಾಕಿ, ಮುಚ್ಚಳಕ್ಕೆ ಟೇಪ್ ಗಟ್ಟಿಯಾಗಿ ಸುತ್ತಿ. ನಾನು ಸುತ್ತಿರಲಿಲ್ಲ. ಅಮ್ಮ ನನ್ನ ಸ್ವೆಟರನ್ನು ಹಿಂಡಿ ಬಂದ ಮೂರು ಹನಿಯನ್ನು ಕಾವೇರಿ ತೀರ್ಥದ ತಂಬಿಗೆಗೆ ಬಿಟ್ಟರು.